ಗಾಳಿಗೊಂದು ಸಂದು

ಕಾರವಾರ, ಅಂಕೋಲೆಗಳ ಕರಾವಳಿಗೆ ದಿನಕ್ಕೆ ಎರಡು ಗಾಳಿ. ಮಳೆಗಾಲ ಕಳೆದ ಮೇಲೆ ಬೆಳಗಿನ ಜಾವ ಘಟ್ಟದ ಕಡೆಯಿಂದ ಕಡಲಿಗೆ ಬೀಸುತ್ತದೆ. ಹೊತ್ತೇರಿ ಮಧ್ಯಾಹ್ನವಾಗುತ್ತಿದ್ದಂತೆ ಕಡಲಿನಿಂದ ನೆಲಕ್ಕೆ ತಿರುಗುತ್ತದೆ. ಹಾಯಿ ದೋಣಿಗಳ ಕಾಲದಲ್ಲಿ ಮೀನುಗಾರರು ಮೊದಲನೆಯದರ ಜೊತೆ ಹೊರಟು ಎರಡನೆಯದರ ಜೊತೆ ಮರಳುತ್ತಿದ್ದರು. ಜೂನ್ ಬಂತೆಂದರೆ ಈ ಲೆಕ್ಕ ನಡೆಯುವುದಿಲ್ಲ. ಆಗ ಇರುವುದು ಒಂದೇ ಗಾಳಿ, ಮಳೆಯನ್ನು ಅಡ್ಡಡ್ಡ ಹೊಡೆಯುವ ಮುಂಗಾರಿನ ಗಾಳಿ. ಘಟ್ಟ ಇಲ್ಲಿ ಸಮುದ್ರಕ್ಕೆ ತೀರ ಹತ್ತಿರ ಬಂದಿದೆ. ಅರ್ಗಾ, ಬಿಣಗಾ, ಬೈತಖೋಲಗಳಲ್ಲಿ ಗುಡ್ಡದ ಬುಡವೇ ನೀರಿಗೆ ಇಳಿದಿದೆ. ಹಾಗಾಗಿ ಗುಡ್ಡದ ಮೂಲೆ ತಿರುಗಿದ ಕೂಡಲೇ, ಹೊಳೆಯ ಬಾಯಿ ತೆರೆದುಕೊಂಡ ಕೂಡಲೇ ಗಾಳಿಯ ದಿಕ್ಕೂ ಬಿರುಸೂ ಬದಲಾಗುತ್ತವೆ.

ಈ ಕಿರಿದಾದ ಪಟ್ಟಿಯಲ್ಲೇ ಹೆದ್ದಾರಿ ಹಾದುಹೋಗಿದೆ. ಮೊದಲು ಅದರ ಸಂಖ್ಯೆ 17, ಈಗ 66. ಅಂಕೋಲೆಯಿಂದ ಕಾರವಾರಕ್ಕೆ ಸುಮಾರು 35 ಕಿಲೋಮೀಟರ್. ನಾನು ಈ ರಸ್ತೆಯ ಬದಿಯಲ್ಲಿ ಮೋಟರ್‌ಸೈಕಲ್ ರಿಪೇರಿ ಮಾಡುವವನು. ಮುಂಬಯಿ, ಪುಣೆ, ಬೆಳಗಾವಿ ಕಡೆಯಿಂದ ಗೋಕರ್ಣಕ್ಕೋ ಕೇರಳಕ್ಕೋ ಹೊರಟ ಸವಾರರು ಚೈನು ಬಿಗಿ ಮಾಡಿಸಲು ಬರುತ್ತಾರೆ, ಜೊತೆಗೆ ಒಂದು ದೂರು ತರುತ್ತಾರೆ: ಎಂಬತ್ತು ದಾಟಿದರೆ ತಲೆ ಗಡಗಡ ಅಲುಗುತ್ತದೆ, ಸಂಜೆಗೆ ಕುತ್ತಿಗೆ ಹಿಡಿದುಕೊಳ್ಳುತ್ತದೆ, ಕಿವಿಯಲ್ಲಿ ಗುಂಯ್ ಎನ್ನುವ ಸದ್ದು ರಾತ್ರಿಯೂ ಬಿಡುವುದಿಲ್ಲ. ಮುಂದೆ ಇಷ್ಟು ದೊಡ್ಡ ವಿಂಡ್‌ಶೀಲ್ಡ್ ಇದ್ದರೂ ಹೀಗೇಕೆ ಎಂದು ಕೇಳುತ್ತಾರೆ. ಎಷ್ಟೋ ಗಾಡಿಗಳಲ್ಲಿ ಅದು ಇರುವುದರಿಂದಲೇ ಹೀಗೆ ಆಗುತ್ತದೆ ಎಂದರೆ ಅವರಿಗೆ ನಂಬಿಕೆ ಬರುವುದಿಲ್ಲ. ನಮ್ಮ ಕರಾವಳಿಯವರು ಗಾಳಿಯ ಜೊತೆ ಹೇಗೆ ಬಾಳಿದರು ಎಂಬುದನ್ನು ಸ್ವಲ್ಪ ಹಿಂದಿನಿಂದ ನೋಡಿದರೆ ಈ ಮಾತು ತಾನಾಗಿ ಅರ್ಥವಾಗುತ್ತದೆ.

ಹಳೆಯ ಮನೆಗಳ ಜಗಲಿಗೆ ಮಳೆಗಾಲದ ಮೊದಲು ಮಡಲಿನ ತಟ್ಟಿ ಕಟ್ಟುತ್ತಿದ್ದರು. ತೆಂಗಿನ ಮಡಲನ್ನು ನೀರಲ್ಲಿ ನೆನೆಹಾಕಿ, ಹೆಣೆದು, ಬಿದಿರಿನ ಗಳುವಿಗೆ ಬಿಗಿದರೆ ಎರಚಲು ಒಳಗೆ ಬಾರದು, ಆದರೆ ಗಾಳಿ ಹೆಣಿಗೆಯ ಸಂದಿನಿಂದ ನುಸುಳಿ ಒಳಗೆ ಮೆಲ್ಲಗೆ ಆಡುತ್ತದೆ. ಆಮೇಲೆ ತಗಡು ಅಗ್ಗವಾಯಿತು, ತಟ್ಟಿಯ ಜಾಗಕ್ಕೆ ತಗಡು ಬಂತು. ಜೋರು ಗಾಳಿ ಎದ್ದ ರಾತ್ರಿ ಮೊಳೆ ಕಿತ್ತುಕೊಂಡು ಹೋಗುತ್ತಿದ್ದದ್ದು ತಗಡೇ. ತಟ್ಟಿ ಮಾತ್ರ ನಡುಗುತ್ತ ಅಲ್ಲೇ ಇರುತ್ತಿತ್ತು. ಗಾಳಿಗೆ ಪೂರ್ತಿ ಎದುರು ನಿಂತದ್ದು ಅದರ ಪೂರ್ತಿ ಭಾರ ಹೊರಬೇಕಾಗುತ್ತದೆ. ನಮ್ಮ ಹಿರಿಯರು ಇದನ್ನು ಮಳೆಗಾಲದ ಅನುಭವದಿಂದಲೇ ತಿಳಿದಿದ್ದರು.

ಸರ್ಕಾರಕ್ಕೆ ಇದೇ ಪಾಠ ಬೇರೆ ದಾರಿಯಲ್ಲಿ ಸಿಕ್ಕಿತು. 1862ರಲ್ಲಿ ಉತ್ತರ ಕನ್ನಡ ಮದರಾಸು ಪ್ರಾಂತದಿಂದ ಮುಂಬಯಿ ಪ್ರಾಂತಕ್ಕೆ ಸೇರಿ, ಕಾರವಾರ ಜಿಲ್ಲೆಯ ಮುಖ್ಯ ಊರಾಯಿತು. ಅಮೆರಿಕದ ಅಂತರ್ಯುದ್ಧದಿಂದ ಹತ್ತಿ ಸಿಗದೆ ಇಂಗ್ಲೆಂಡಿನ ಗಿರಣಿಗಳು ಕಂಗೆಟ್ಟ ಕಾಲ ಅದು. ಧಾರವಾಡ ಸೀಮೆಯ ಹತ್ತಿಯನ್ನು ಹಡಗಿಗೆ ಏರಿಸಲು ಅವರಿಗೆ ಈ ಬಂದರು ಬೇಕಾಗಿತ್ತು. ಊರು ಬೆಳೆದ ಹಾಗೆ ಉರುವಲು ಬೇಕಾಯಿತು, ಹಾರುವ ಮರಳನ್ನು ಹಿಡಿದು ನಿಲ್ಲಿಸುವುದೂ ಬೇಕಾಯಿತು. 1868ರಲ್ಲಿ ಕಾರವಾರದ ದಂಡೆಯಲ್ಲಿ ಗಾಳಿಮರ ನೆಟ್ಟರು. ಭಾರತದಲ್ಲಿ ಈ ಮರವನ್ನು ಮೊದಲು ತಂದು ಬೆಳೆಸಿದ ಜಾಗ ಇದೇ ಎಂದು ಅರಣ್ಯಶಾಸ್ತ್ರದ ಪುಸ್ತಕಗಳು ಹೇಳುತ್ತವೆ. ಬರೀ ಉಸುಕು, ಉಪ್ಪುಗಾಳಿ, ಸತ್ವವಿಲ್ಲದ ನೆಲ, ಯಾವುದಕ್ಕೂ ಅದು ಅಂಜಲಿಲ್ಲ. ಬೇರಿನ ಗಂಟುಗಳಲ್ಲಿ ಬದುಕುವ ಸೂಕ್ಷ್ಮಜೀವಿ ಗಾಳಿಯ ಸಾರಜನಕವನ್ನೇ ಹಿಡಿದು ಮರಕ್ಕೆ ಗೊಬ್ಬರ ಮಾಡಿಕೊಡುತ್ತದೆ.

ಈ ಮರದ ಒಂದು ಟೊಂಗೆಯನ್ನು ಕೈಯಲ್ಲಿ ಹಿಡಿದು ನೋಡಬೇಕು. ಎಲೆ ಎಂದು ನಾವು ತಿಳಿದದ್ದು ಎಲೆಯಲ್ಲ. ಹಸಿರು ಬಣ್ಣದ ತೆಳ್ಳನೆಯ ಕಡ್ಡಿ. ಅದನ್ನು ಗೆಣ್ಣಿನಲ್ಲಿ ಎಳೆದರೆ ಟಕ್ಕನೆ ಬಿಚ್ಚಿಕೊಳ್ಳುತ್ತದೆ. ಗೆಣ್ಣಿನ ಸುತ್ತ ಕಣ್ಣಿಗೆ ಕಷ್ಟಪಟ್ಟು ಕಾಣುವ ಏಳೆಂಟು ಮೊನೆಗಳಿವೆ, ನಿಜವಾದ ಎಲೆಗಳು ಅವು. ಇಂಥ ಸಾವಿರಾರು ಕಡ್ಡಿಗಳ ನಡುವೆ ಗಾಳಿ ಸೀಳಿಕೊಂಡು ಹೋಗುವಾಗ ದೊಡ್ಡ ಸೆಳೆತ ಪುಟ್ಟಪುಟ್ಟ ಸುಳಿಗಳಾಗಿ ಒಡೆದು ಬಲ ಕಳೆದುಕೊಳ್ಳುತ್ತದೆ. ಗಾಳಿತಡೆಯನ್ನು ಅಳೆದವರು ಹೇಳುವ ಲೆಕ್ಕ ಇದು: ಅರ್ಧದಷ್ಟು ಗಾಳಿಯನ್ನು ಒಳಗೆ ಬಿಡುವ ಮರಗಳ ಸಾಲು ತನ್ನ ಎತ್ತರದ ಹತ್ತರಿಂದ ಇಪ್ಪತ್ತು ಪಟ್ಟು ದೂರದವರೆಗೆ ಬಿರುಸನ್ನು ತಗ್ಗಿಸುತ್ತದೆ. ಅಷ್ಟೇ ಎತ್ತರದ ಕಲ್ಲಿನ ಗೋಡೆಯಾದರೆ ಬುಡದಲ್ಲಿ ಗಾಳಿ ಪೂರ್ತಿ ನಿಂತಂತೆ ತೋರುತ್ತದೆ, ಆದರೆ ಮೇಲಿನಿಂದ ಹಾರಿದ ಗಾಳಿ ಗೋಡೆಯ ಹಿಂದೆ ಸುತ್ತಿ ಕೆಳಗೆ ಬಂದು ಅಪ್ಪಳಿಸುತ್ತದೆ. ಮೋಟರ್‌ಸೈಕಲ್ಲಿನ ವಿಂಡ್‌ಶೀಲ್ಡಿನ ಹಿಂದೆ ಸವಾರನ ತಲೆ ಇರುವುದು ಸರಿಯಾಗಿ ಆ ಅಪ್ಪಳಿಸುವ ಜಾಗದಲ್ಲಿ.

ಬಹಳ ಕಾಲ ಇದು ಯಾರಿಗೂ ತೊಂದರೆಯೇ ಆಗಿರಲಿಲ್ಲ, ಏಕೆಂದರೆ ರಸ್ತೆಯಲ್ಲಿ ವೇಗ ಇರಲಿಲ್ಲ. ಕಾಳಿ ನದಿಗೆ ಹೆದ್ದಾರಿಯ ಸೇತುವೆ ಆದದ್ದು 1983ರಲ್ಲಿ. ಅದಕ್ಕೆ ಮೊದಲು ಕೋಡಿಬಾಗದಿಂದ ಆಚೆ ಸದಾಶಿವಗಡಕ್ಕೆ ದಾಟಬೇಕಾದರೆ ನೀರಿನ ಮೇಲೆಯೇ ಹೋಗಬೇಕಿತ್ತು. ಅಂಕುಡೊಂಕು ರಸ್ತೆ, ಗುಂಡಿ, ಅಡ್ಡ ಬರುವ ದನ. ಇಂಥಲ್ಲಿ ಗಾಡಿ ನಲವತ್ತು ದಾಟಿದರೆ ಅದೇ ಹೆಚ್ಚು. ಆಗಿನ ಸ್ಕೂಟರುಗಳಿಗೆ ಹ್ಯಾಂಡಲ್ಲಿಗೆ ಎರಡು ಸರಳು ಬಿಗಿದು, ಎದೆಯಿಂದ ಹಣೆಯವರೆಗೆ ಬರುವ ದೊಡ್ಡ ಅಕ್ರಿಲಿಕ್ ಹಾಳೆ ಹಾಕಿಸುವ ರೂಢಿ ಇತ್ತು. ಮಳೆಯ ಹನಿ ಮುಖಕ್ಕೆ ಹೊಡೆಯದಿದ್ದರೆ ಸಾಕಿತ್ತು, ಆ ವೇಗಕ್ಕೆ ಆ ಹಾಳೆ ಒಪ್ಪುತ್ತಿತ್ತು.

ಲೆಕ್ಕ ಹಾಕಿದರೆ ಕಾರಣ ಸಿಗುತ್ತದೆ. ಗಾಳಿಯ ಒತ್ತಡ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ. ಗಂಟೆಗೆ 40 ಕಿಲೋಮೀಟರಿನಲ್ಲಿ ಒಂದು ಚದರ ಮೀಟರಿನ ಮೇಲೆ ಬೀಳುವ ಭಾರ ಸುಮಾರು ಏಳೂವರೆ ಕಿಲೋ. 80ರಲ್ಲಿ ಅದು ಎರಡು ಪಟ್ಟಲ್ಲ, ನಾಲ್ಕು ಪಟ್ಟು, ಅಂದರೆ 30 ಕಿಲೋ. ನೂರಕ್ಕೆ ಏರಿಸಿದರೆ 47 ಕಿಲೋ. ನೆಟ್ಟಗೆ ಕೂತ ಸವಾರನ ಮೈ ಗಾಳಿಗೆ ಒಡ್ಡುವುದು ಸುಮಾರು ಅರ್ಧ ಚದರ ಮೀಟರ್ ಎಂದುಕೊಂಡರೂ, 80ರ ವೇಗದಲ್ಲೇ ತಾಸುಗಟ್ಟಲೆ ಹದಿನೈದು ಕಿಲೋ ಭಾರವನ್ನು ಎದೆಯ ಮೇಲೆ ಹೊತ್ತುಕೊಂಡು ಕೂತ ಹಾಗಾಯಿತು.

ನಮ್ಮ ರಾಜ್ಯಕ್ಕೆ ದೂರದ ಸವಾರಿಯ ರುಚಿ ಹತ್ತಿಸಿದ್ದು ಮೈಸೂರಿನ ಯಾದವಗಿರಿಯಲ್ಲಿ 1961ರಿಂದ ಜಾವಾ ತಯಾರಿಸಿದ ಐಡಿಯಲ್ ಜಾವಾ ಕಾರ್ಖಾನೆ. ಇರಾನಿ ಮನೆತನದ್ದು ಅದು, ಜಯಚಾಮರಾಜ ಒಡೆಯರ ಬೆಂಬಲವಿತ್ತು. 250 ಸಿಸಿ ಎಂಜಿನ್, ಹನ್ನೆರಡು ಅಶ್ವಶಕ್ತಿ. ಎಪ್ಪತ್ತರ ದಶಕದಲ್ಲಿ ಅದೇ ಗಾಡಿ ಯೆಜ್ದಿ ಎಂಬ ಹೆಸರಿನಲ್ಲಿ ಬಂತು, ಬಳಿಕ ರೋಡ್‌ಕಿಂಗ್ ಬಂತು. 1996ರಲ್ಲಿ ಕಾರ್ಖಾನೆ ಮುಚ್ಚಿದರೂ ಆ ಗಾಡಿಗಳು ನಮ್ಮ ಕಡೆ ಇನ್ನೂ ಓಡುತ್ತಿವೆ. ನಾನು ಕೆಲಸ ಕಲಿತದ್ದು ಕಾರವಾರದಲ್ಲಿ, ಯೆಜ್ದಿ ಬಿಚ್ಚುವುದರಲ್ಲಿ ಪಳಗಿದ ಮೇಸ್ತ್ರಿಯೊಬ್ಬರ ಕೈಕೆಳಗೆ. ರೋಡ್‌ಕಿಂಗ್‌ಗೆ ಗಾಜು ಕೂರಿಸಿಕೊಡಿ ಎಂದು ಯಾರಾದರೂ ಬಂದರೆ ಅವರು ಹಾಳೆಯನ್ನು ಹೆಡ್‌ಲೈಟಿಗೆ ಅಂಟಿಸಿ ಕೂರಿಸುತ್ತಿರಲಿಲ್ಲ. ಕೆಳಗಡೆ ಎರಡು ಬೆರಳು ಹೋಗುವಷ್ಟು ಜಾಗ ಬಿಡುತ್ತಿದ್ದರು. ಅಲ್ಲಿಂದ ಗಾಳಿ ಬರುತ್ತದಲ್ಲ ಎಂದು ನಾನು ಕೇಳಿದಾಗ, “ಬರ್ಲಿ ತಮ್ಮಾ. ಪೂರಾ ಬಾಗ್ಲು ಹಾಕಿದ್ರೆ ಅದು ಹಿತ್ಲಿಂದ ಸುತ್ತಿ ಬರ್ತದೆ ಮಾರಾಯಾ” ಎಂದಿದ್ದರು.

ಮೇಸ್ತ್ರಿ ಕೈಯಿಂದ ಕಂಡುಕೊಂಡದ್ದನ್ನು ಅಳತೆಗೆ ತಂದವನು ಜಾವಾದ ತವರಾದ ಚೆಕ್ ನಾಡಿನವನೇ ಎಂಬುದು ನನಗೆ ಆಮೇಲೆ ಓದಿ ತಿಳಿಯಿತು. ಚೆನೆಕ್ ಸ್ಟ್ರೌಹಾಲ್ ಎಂಬ ಭೌತವಿಜ್ಞಾನಿ 1878ರಲ್ಲಿ, ಗಾಳಿಯಲ್ಲಿ ತಂತಿ ಏಕೆ ಹಾಡುತ್ತದೆ ಎಂದು ಹುಡುಕಿದ. ಸ್ವರದ ಎತ್ತರ ಗಾಳಿಯ ವೇಗಕ್ಕೂ ತಂತಿಯ ದಪ್ಪಕ್ಕೂ ಕಟ್ಟುಬಿದ್ದಿದೆ ಎಂದು ತೋರಿಸಿದ. ಅಡ್ಡ ಬಂದ ವಸ್ತುವಿನ ಎರಡೂ ಅಂಚುಗಳಿಂದ ಸುಳಿಗಳು ಒಂದಾದ ಮೇಲೊಂದು ಕಳಚಿಕೊಂಡು ಹೋಗುತ್ತವೆ. ಗಂಗಾವಳಿ ಹೊಳೆಯಲ್ಲಿ ನೀರು ಇಳಿಯುವಾಗ ಸೇತುವೆಯ ಕಂಬದ ಹಿಂದೆ ಎಡಕ್ಕೊಂದು ಬಲಕ್ಕೊಂದು ಸುಳಿ ಏಳುವುದನ್ನು ನಿಂತು ನೋಡಿದವರಿಗೆ ಇದು ಗೊತ್ತು. ವಸ್ತು ಸಣ್ಣದಾದರೆ ಸುಳಿಗಳು ಚುರುಕು, ದೊಡ್ಡದಾದರೆ ನಿಧಾನ ಮತ್ತು ಬಲಶಾಲಿ. ಸ್ಟ್ರೌಹಾಲನ ಲೆಕ್ಕವನ್ನು ನಲವತ್ತು ಸೆಂಟಿಮೀಟರ್ ಅಗಲದ ವಿಂಡ್‌ಶೀಲ್ಡಿಗೆ ಹಚ್ಚಿದರೆ, 80 ಕಿಲೋಮೀಟರ್ ವೇಗದಲ್ಲಿ ಸೆಕೆಂಡಿಗೆ ಸುಮಾರು ಹತ್ತು ಸುಳಿ ಕಳಚುತ್ತವೆ. ಹೆಲ್ಮೆಟ್ಟಿಗೆ ಸೆಕೆಂಡಿಗೆ ಹತ್ತು ಏಟು. ತಲೆ ಗಡಗಡ ಅನ್ನುತ್ತದೆ ಎಂದು ಸವಾರರು ಹೇಳುವುದು ಇದನ್ನೇ.

ಹೊರದೇಶದ ಕಂಪನಿಗಳಿಗೂ ಇದು ಒಮ್ಮೆಲೇ ತಿಳಿದದ್ದಲ್ಲ. 1950ರಲ್ಲಿ ಇಟಲಿಯ ಮೋಟೊ ಗುಟ್ಸಿ ಕಂಪನಿ ಮಂಡೆಲ್ಲೊ ಎಂಬ ಊರಿನ ತನ್ನ ಕಾರ್ಖಾನೆಯಲ್ಲಿ, ಸವಾರನ ಸಮೇತ ಇಡೀ ಬೈಕನ್ನು ನಿಲ್ಲಿಸಿ ಪರೀಕ್ಷಿಸುವಂಥ ಗಾಳಿಸುರಂಗ ಕಟ್ಟಿತು. ಅದರಿಂದ ರೇಸಿನ ಬೈಕುಗಳಿಗೆ ಮುಂದಿನ ಚಕ್ರವನ್ನೂ ಮುಚ್ಚುವ ದೊಡ್ಡ ಕವಚ ಬಂತು, ವೇಗ ಏರಿತು. ಆದರೆ ಅಡ್ಡಗಾಳಿ ಬೀಸಿದಾಗ ಆ ಕವಚ ಬೈಕನ್ನೇ ಪಕ್ಕಕ್ಕೆ ತಳ್ಳುತ್ತಿತ್ತು. 1958ರ ರೇಸುಗಳಿಂದ ಅಂತರರಾಷ್ಟ್ರೀಯ ಮೋಟರ್‌ಸೈಕಲ್ ಒಕ್ಕೂಟ ಅದನ್ನು ನಿಷೇಧಿಸಿತು. ದೂರದ ಪಯಣಿಗರಿಗೆಂದು ಅಮೆರಿಕದಲ್ಲಿ ಕ್ರೇಗ್ ವೆಟರ್ 1971ರಲ್ಲಿ ವಿಂಡ್‌ಜ್ಯಾಮರ್ ಎಂಬ ಫೇರಿಂಗ್, ಅಂದರೆ ಗಾಳಿಕವಚ, ತಂದ. ಅದು ಹ್ಯಾಂಡಲ್ಲಿಗಲ್ಲ, ಗಾಡಿಯ ಚೌಕಟ್ಟಿಗೆ ಬಿಗಿಯುವಂಥದ್ದು. ಗಾಳಿ ಎಷ್ಟು ಒದ್ದರೂ ಆ ಒದೆತ ಹ್ಯಾಂಡಲ್ಲಿಗೆ ಬರುತ್ತಿರಲಿಲ್ಲ. 1976ರಲ್ಲಿ ಬಿಎಂಡಬ್ಲ್ಯು ತನ್ನ ಆರ್100ಆರ್‌ಎಸ್ ಗಾಡಿಗೆ ಇಟಲಿಯ ಪಿನಿನ್‌ಫರೀನಾದ ಗಾಳಿಸುರಂಗದಲ್ಲಿ ತಿದ್ದಿದ ಪೂರ್ಣ ಫೇರಿಂಗನ್ನು ಕಾರ್ಖಾನೆಯಿಂದಲೇ ಕೊಟ್ಟಿತು.

ನಮ್ಮಲ್ಲಿ ಫೇರಿಂಗ್ ಇರುವ ಬೈಕನ್ನು ಊರೂರಿಗೆ ಪರಿಚಯಿಸಿದ್ದು 2003ರ ಹೀರೋ ಹೊಂಡಾ ಕರಿಜ್ಮಾ. 2016ರಲ್ಲಿ ರಾಯಲ್ ಎನ್‌ಫೀಲ್ಡ್ ಹಿಮಾಲಯನ್ ಗಿಡ್ಡ ವಿಂಡ್‌ಶೀಲ್ಡ್ ಹೊತ್ತೇ ಬಂತು. ಅಲ್ಲಿಂದ ಮುಂದೆ ಉದ್ದದ ಗಾಜು, ಇನ್ನೂ ಉದ್ದದ ಗಾಜು ಎಂದು ಅಂಗಡಿಗಳಲ್ಲಿ ಪೈಪೋಟಿಯೇ ಶುರುವಾಯಿತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 14 ಅಡಿ ಅಗಲ, 9 ಅಡಿ ಎತ್ತರದ ಗಾಳಿಸುರಂಗ ದಶಕಗಳಿಂದ ಇದೆ, ಅದು ವಿಮಾನಗಳಿಗಾಗಿ ಕಟ್ಟಿದ್ದು. ನಮ್ಮಂಥ ಗ್ಯಾರೇಜಿನವರಿಗೆ ಹೆದ್ದಾರಿಯೇ ಸುರಂಗ, ಉಣ್ಣೆಯ ದಾರವೇ ಉಪಕರಣ.

ದಾರದ ಕೆಲಸ ಹೇಗೆಂದರೆ, ಬೆರಳುದ್ದ ಕತ್ತರಿಸಿದ ಉಣ್ಣೆಯ ಎಳೆಗಳನ್ನು ಟೇಪಿನಿಂದ ವಿಂಡ್‌ಶೀಲ್ಡಿನ ಒಳಮೈಗೆ, ಟ್ಯಾಂಕಿನ ಮೇಲೆ, ಹೆಲ್ಮೆಟ್ಟಿನ ಎರಡೂ ಬದಿಗೆ ಅಂಟಿಸುತ್ತೇನೆ. ಗಾಡಿಯವರು ಓಡಿಸುತ್ತಾರೆ, ನಾನು ಪಕ್ಕದಲ್ಲಿ ಇನ್ನೊಂದು ಗಾಡಿಯ ಹಿಂದೆ ಕೂತು ನೋಡುತ್ತೇನೆ. ಗಾಜನ್ನು ಹೆಡ್‌ಲೈಟಿಗೆ ಒತ್ತಿ ಕೂರಿಸಿದ ಗಾಡಿಯಲ್ಲಿ ಟ್ಯಾಂಕಿನ ಮೇಲಿನ ದಾರ ಹಿಂದಕ್ಕೆ ಹಾರಬೇಕಾದದ್ದು ಮುಂದಕ್ಕೆ ಹಾರುತ್ತಿರುತ್ತದೆ. ಗಾಜಿನ ಹಿಂದೆ ಒತ್ತಡ ಕುಸಿದು, ಸವಾರನ ಬೆನ್ನ ಕಡೆಯ ಗಾಳಿ ವಾಪಸು ಒಳಗೆ ನುಗ್ಗುತ್ತಿದೆ ಎಂಬುದಕ್ಕೆ ಅದು ಸಾಕ್ಷಿ. ಹೆಲ್ಮೆಟ್ಟಿನ ದಾರಗಳಂತೂ ಒಂದು ಕ್ಷಣ ಮೇಲೆ, ಒಂದು ಕ್ಷಣ ಕೆಳಗೆ. ಮರಳಿ ಬಂದು ಕೆಳಗಿನ ಬೋಲ್ಟುಗಳಿಗೆ ಉದ್ದನೆಯ ಬುಶ್ ಕೊಟ್ಟು ಗಾಜನ್ನು ಎರಡು ಮೂರು ಸೆಂಟಿಮೀಟರ್ ಮುಂದಕ್ಕೆ ತರುತ್ತೇನೆ. ಕೆಳಗಿನ ಸಂದಿನಿಂದ ಒಂದಿಷ್ಟು ಗಾಳಿ ಗಾಜಿನ ಒಳಮೈ ಸವರುತ್ತ ಮೇಲಕ್ಕೆ ಹೋಗುತ್ತದೆ, ಹಿಂದಿನ ಟೊಳ್ಳು ತುಂಬುತ್ತದೆ. ಮತ್ತೆ ಓಡಿಸಿದಾಗ ಟ್ಯಾಂಕಿನ ದಾರ ಹಿಂದಕ್ಕೆ ಮಲಗಿರುತ್ತದೆ, ಹೆಲ್ಮೆಟ್ಟಿನ ದಾರ ನೆಟ್ಟಗೆ ನಿಂತಿರುತ್ತದೆ. ಸವಾರರ ಮುಖದಲ್ಲಿ ಆಗ ಕಾಣುವ ನಿರಾಳವೇ ಈ ಕೆಲಸದಲ್ಲಿ ನನಗೆ ಸಿಗುವ ದೊಡ್ಡ ಸಂತೋಷ.

ಎಲ್ಲ ಗಾಡಿಗೂ ಒಂದೇ ಮದ್ದಲ್ಲ. ಮೊದಲು ಸವಾರರಿಗೆ ಖಾಲಿ ರಸ್ತೆಯಲ್ಲಿ, ಮಿತವಾದ ವೇಗದಲ್ಲಿ ಫುಟ್‌ರೆಸ್ಟಿನ ಮೇಲೆ ಸ್ವಲ್ಪ ಎದ್ದು ನಿಂತು ನೋಡಲು ಹೇಳುತ್ತೇನೆ. ಎದ್ದಾಗ ತಲೆಯ ಅಲುಗಾಟ ನಿಂತರೆ ಮೇಲಿನ ಗಾಳಿ ಶುದ್ಧವಾಗಿದೆ, ಗಾಜಿನ ತುದಿಯಿಂದ ಹಾರಿದ ಸುಳಿಯೇ ತಲೆಗೆ ಬಡಿಯುತ್ತಿದೆ ಎಂದು ಅರ್ಥ. ಅಂಥವರಿಗೆ ಗಾಜು ಗಿಡ್ಡ ಮಾಡಿದರೆ ಒಳ್ಳೆಯದು. ಗಾಳಿ ಎದೆಯ ಮೇಲ್ಭಾಗಕ್ಕೆ ಬರುತ್ತದೆ, ತಲೆ ಶುದ್ಧ ಗಾಳಿಯಲ್ಲಿ ಇರುತ್ತದೆ, ಭಾರ ಇದ್ದರೂ ಏಟು ಇರುವುದಿಲ್ಲ. ಎದೆಗೂ ಗಾಳಿ ಬೇಡ ಎನ್ನುವವರಿಗೆ ಗಾಜಿನ ತುದಿಗೆ ಮೇಲೆ ಬಾಗಿದ ಸಣ್ಣ ಪಟ್ಟಿ ಸೇರಿಸಿದರೆ ಸುಳಿ ತಲೆಯ ಮೇಲಿನಿಂದ ದಾಟಿ ಹೋಗುತ್ತದೆ. ಇನ್ನು ಕೆಲವು ಗಾಡಿಗಳಲ್ಲಿ ಗಾಳಿ ಬರುವುದು ಮೇಲಿನಿಂದಲ್ಲ, ಫೋರ್ಕಿನ ಎರಡು ಬದಿಯ ಖಾಲಿ ಜಾಗದಿಂದ. ಅಲ್ಲಿ ಅಂಗೈ ಅಗಲದ ಹಾಳೆ ಕೊಟ್ಟರೆ ಅರ್ಧ ತೊಂದರೆ ಹೋಗುತ್ತದೆ.

ಹಿಂದೆ ಕೂತವರ ಮಾತನ್ನು ಕೇಳುವವರು ಕಡಿಮೆ, ಅದು ನನ್ನನ್ನು ಬಹಳ ಕಾಡಿದ ವಿಷಯ. ಹಿಂದಿನ ಸೀಟು ಎತ್ತರ. ಮುಂದಿನವರನ್ನು ದಾಟಿ ಬಂದ ಗಾಳಿಯೆಲ್ಲ ಅಲ್ಲಿ ಕೂತವರ ಮುಖಕ್ಕೆ. ಸೀರೆಯುಟ್ಟು ಒಂದೇ ಬದಿಗೆ ಕೂತು ಮಗುವನ್ನು ಹಿಡಿದುಕೊಂಡ ಹೆಂಗಸಿಗೆ ಎರಡು ಕೈಯಿಂದ ಹಿಡಿಯಲು ಆಸರೆಯೂ ಇಲ್ಲ. 2016ರ ಜನವರಿಯಲ್ಲಿ ಕರ್ನಾಟಕದಲ್ಲಿ ಹಿಂಬದಿ ಸವಾರರಿಗೂ ಹೆಲ್ಮೆಟ್ ಕಡ್ಡಾಯವಾಯಿತು, ಅದು ಆಗಲೇಬೇಕಿದ್ದ ಕೆಲಸ. ಆದರೆ ಅಳತೆಗೆ ಸರಿಹೊಂದದ, ಮುಂದೆ ಟೋಪಿಯ ಅಂಚು ಇರುವ ಹೆಲ್ಮೆಟ್ ಗಾಳಿ ಹಿಡಿದು ಕುತ್ತಿಗೆ ಎಳೆಯುತ್ತದೆ. ವಿಂಡ್‌ಶೀಲ್ಡ್ ಹೊಂದಿಸುವಾಗ ಹಿಂದಿನವರನ್ನೂ ಕೂರಿಸಿಕೊಂಡೇ ಓಡಿಸಿ ನೋಡಬೇಕು ಎಂದು ನಾನು ಪಟ್ಟು ಹಿಡಿಯುವುದು ಇದಕ್ಕೇ.

ಗಾಜು ಎಷ್ಟೇ ಸರಿಯಾದರೂ ರಸ್ತೆ ತನ್ನ ಗಾಳಿಯನ್ನು ತಾನು ಹುಟ್ಟಿಸುತ್ತದೆ. ಬಳ್ಳಾರಿ ಸೀಮೆಯ ಅದಿರು ಹುಬ್ಬಳ್ಳಿ, ಯಲ್ಲಾಪುರ, ಅರಬೈಲ ಘಟ್ಟ ಇಳಿದು ಬೇಲೆಕೇರಿ ಬಂದರಿಗೆ ಬರುತ್ತಿದ್ದ ವರ್ಷಗಳು ನಮ್ಮ ಕಡೆಯ ಸವಾರರಿಗೆ ಮರೆಯುವಂಥವಲ್ಲ. ಟಿಪ್ಪರು, ಲಾರಿಗಳ ಸಾಲು, ರಸ್ತೆಯೆಲ್ಲ ಕೆಂಪು ಧೂಳು. ಎದುರಿನಿಂದ ಲಾರಿ ಬಂದಾಗ ಅದರ ಮೂತಿಯ ಗಾಳಿ ಮೊದಲು ನಮ್ಮನ್ನು ರಸ್ತೆಯ ಅಂಚಿಗೆ ದೂಡುತ್ತದೆ. ಅರೆಕ್ಷಣದಲ್ಲಿ ಅದರ ಮಗ್ಗುಲಿನ ಕಡಿಮೆ ಒತ್ತಡ ಒಳಕ್ಕೆ ಸೆಳೆಯುತ್ತದೆ. ಎತ್ತರದ ಗಾಜು ಹಾಕಿದವರಿಗೆ ಈ ಎರಡೂ ಹೆಚ್ಚು. 2010ರ ಜುಲೈಯಲ್ಲಿ ರಾಜ್ಯ ಸರ್ಕಾರ ಅದಿರು ರಫ್ತು ನಿಲ್ಲಿಸಿದ ಮೇಲೆ ಆ ಸಾಲು ಕರಗಿತು. ಬಳಿಕ ಬಂದದ್ದು ನಾಲ್ಕು ಪಥದ ಕಾಮಗಾರಿ. ಗುಡ್ಡ ಕಡಿದರು, ರಸ್ತೆ ಬದಿಯ ಮರಗಳು ಹೋದವು, ವೇಗ ಬಂತು. ಗುಡ್ಡ ಕಡಿದದ್ದರ ಬೆಲೆ ಏನೆಂದು 2024ರ ಜುಲೈ 16ರಂದು ಅಂಕೋಲೆಯ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿಗೆ ಬಿದ್ದಾಗ ನಾವು ಕಂಡೆವು. ಅದೇ ವರ್ಷ ಆಗಸ್ಟ್ 7ರ ನಡುರಾತ್ರಿ ಕಾಳಿಯ 1983ರ ಸೇತುವೆಯೂ ಕುಸಿಯಿತು.

ಆಮೇಲೆ ಎರಡೂ ಕಡೆಯ ವಾಹನಗಳು ಪಕ್ಕದ ಹೊಸ ಸೇತುವೆಗೆ ಬಂದವು. ಅಲ್ಲಿ ಮಧ್ಯಾಹ್ನದ ಕಡಲಗಾಳಿ ನೇರ ಮಗ್ಗುಲಿಗೆ ಹೊಡೆಯುತ್ತದೆ; ಮರವಿಲ್ಲ, ಗುಡ್ಡವಿಲ್ಲ, ತೆರೆದ ನೀರು. ಅಡ್ಡಗಾಳಿಯ ಸೇತುವೆಗಳಿಗೆ ಏನು ಮಾಡಬೇಕೆಂದು ಲೋಕಕ್ಕೆ ಗೊತ್ತಿದೆ. ಬ್ರಿಟನ್ನಿನಲ್ಲಿ ಸೆವರ್ನ್ ನದಿಗೆ 1996ರಲ್ಲಿ ತೆರೆದ ಎರಡನೇ ಸೇತುವೆಯ ಅಂಚಿನುದ್ದಕ್ಕೂ ಗಾಳಿತಡೆ ಕಟ್ಟಿದ್ದಾರೆ. ಅದು ಗೋಡೆಯಲ್ಲ, ನಡುನಡುವೆ ಸಂದು ಬಿಟ್ಟು ಜೋಡಿಸಿದ ಪಟ್ಟಿಗಳು. ಕಾಳಿಗೆ ಮುಂದೆ ಕಟ್ಟುವ ಸೇತುವೆಗೂ ಅಂಥದ್ದೊಂದು ಬೇಕು. ದ್ವಿಚಕ್ರದವರು ಈ ರಸ್ತೆಯಲ್ಲಿ ಕಡಿಮೆ ಜನವೇನಲ್ಲ. ಮೀನಿನ ಪೆಟ್ಟಿಗೆ ಕಟ್ಟಿಕೊಂಡು ಹಳ್ಳಿಗೆ ಹೋಗುವವರು, ಬಂದರಿನ, ನೌಕಾನೆಲೆಯ ಕೆಲಸಕ್ಕೆ ಹೋಗುವವರು, ಕಾಲೇಜಿನ ಮಕ್ಕಳು ಎಲ್ಲರೂ ದಿನವೂ ಈ ಗಾಳಿಯಲ್ಲಿ ಹಾಯುತ್ತಾರೆ. ಸೇತುವೆಯ ನಕ್ಷೆ ಬರೆಯುವವರು ಲಾರಿಯ ಭಾರ ಲೆಕ್ಕ ಹಾಕುವ ಹಾಗೆ ಇವರ ಮೇಲೆ ಬೀಳುವ ಗಾಳಿಯ ಭಾರವನ್ನೂ ಲೆಕ್ಕ ಹಾಕಲಿ.

ಅಲ್ಲಿಯವರೆಗೆ ಸವಾರರ ಕೈಯಲ್ಲಿ ಇರುವುದನ್ನು ಅವರು ಮಾಡಬಹುದು. ಗಾಜು ಕೊಳ್ಳುವ ಮೊದಲು ಅದಿಲ್ಲದೆ ಒಮ್ಮೆ ಓಡಿಸಿ ನೋಡಿ, ತಲೆ ಅಲುಗದಿದ್ದರೆ ನಿಮಗೆ ಗಾಜೇ ಬೇಡ. ಕೊಂಡರೆ ಕೆಳಗೆ ಸಂದು ಬಿಡಿಸಿ. ಮೈಗೆ ಹೊಂದುವ ಜಾಕೆಟ್ ಹಾಕಿ, ಉಬ್ಬುವ ರೇನ್‌ಕೋಟಿಗೆ ನಡು ಕಟ್ಟಿ. ದೂರ ಹೋಗುವವರು ಕಿವಿಗೆ ಮೆತ್ತನೆಯ ಬಿರಡೆ ಇಟ್ಟುಕೊಳ್ಳಿ, ಕಿವಿ ಒಮ್ಮೆ ಹೋದರೆ ಮತ್ತೆ ಬರುವುದಿಲ್ಲ. ಸೇತುವೆಗೆ ಏರುವ ಮೊದಲು ವೇಗವನ್ನು ಎಂಬತ್ತರಿಂದ ಅರವತ್ತಕ್ಕೆ ಇಳಿಸಿ. ಎದುರುಗಾಳಿಯ ಆ 30 ಕಿಲೋ ಅಷ್ಟರಲ್ಲೇ 17ಕ್ಕೆ ಇಳಿಯುತ್ತದೆ. ಇದಕ್ಕೆ ಗ್ಯಾರೇಜಿಗೆ ಬರುವುದೂ ಬೇಡ, ಕಾಸು ಕೊಡುವುದೂ ಬೇಡ.